ಕದಲದ ರೀಲು: ಕಲಬುರಗಿಯ ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಮನೆಯವರ ಉದ್ಯೋಗ ಬದಲಿಸಿದೆ. ಕಾಲೇಜು ಮತ್ತು ಸ್ಟುಡಿಯೋಗಳ ಹೆಸರನ್ನು ಬೇಕೆಂದೇ ಬಿಟ್ಟಿದೆ.

ಬಂದ ದೂರು

ಭಾಗ್ಯಶ್ರೀ ಎಂದು ಕರೆಯೋಣ. ವಯಸ್ಸು 22. ಚಿತ್ತಾಪುರ ಕಡೆಯ ಹಳ್ಳಿ. ಓದಿಗಾಗಿ ನಾಲ್ಕು ವರ್ಷ ಕಲಬುರಗಿಯ ಹಾಸ್ಟೆಲ್ ವಾಸ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಎರಡೂ ಹೈಸ್ಕೂಲಿನಲ್ಲೇ ಪಾಸು. ದೃಶ್ಯಕಲೆಯ ಪದವಿಯಲ್ಲಿ ಆ್ಯನಿಮೇಷನ್ ಆರಿಸಿಕೊಂಡು ಕೊನೆಯ ಸೆಮಿಸ್ಟರ್ ಮುಗಿಸಿ ಮನೆಗೆ ಬಂದಿದ್ದಳು. ತಂದೆ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮ, ತಾಯಿ ಮನೆಯಲ್ಲೇ ಹೊಲಿಗೆ, ಅಣ್ಣ ಪರ್ಸಿ ಕಲ್ಲಿನ ಗಾಡಿ ಓಡಿಸುತ್ತಾನೆ.

ಕರೆತಂದವರು ತಾಯಿ. "ರಾತ್ರಿ ನಿದ್ದಿ ಇಲ್ರಿ ಆಕಿಗಿ. ಊಟ ಬಿಟ್ಟಾಳ. ಲಗ್ನದ ಮಾತ ತೆಗದ್ರ ಅಳ್ಕೋತ ಕೂಡ್ತಾಳ," ಎಂದರು. ಸೇಡಂ ಕಡೆಯ ಒಂದು ಗಂಡಿನ ಮಾತುಕತೆ ನಡೆದಿತ್ತು. ತಾಯಿಯ ಲೆಕ್ಕದಲ್ಲಿ ಕಾಯಿಲೆಯೂ ಅದೇ, ಕಾರಣವೂ ಅದೇ.

ಮೊದಲ ಭೇಟಿಯಲ್ಲಿ ಆತಂಕದ ಮಟ್ಟ ಅಳೆಯುವ ಏಳು ಪ್ರಶ್ನೆಗಳ ಜಿಎಡಿ-7 ಪಟ್ಟಿ ತುಂಬಿಸಲಾಯಿತು. 21ಕ್ಕೆ 13 ಬಂತು. ಹತ್ತರಿಂದ ಹದಿನಾಲ್ಕರ ತನಕ ಮಧ್ಯಮ ಮಟ್ಟದ ಆತಂಕ ಎಂದು ಎಣಿಕೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಲಾಯಿತು, ಇಲ್ಲ ಎಂದಳು. ಇದನ್ನು ಸುತ್ತಿಬಳಸಿ ಕೇಳಿದರೆ ಸುತ್ತಿಬಳಸಿದ ಉತ್ತರವೇ ಸಿಗುತ್ತದೆ. ನಡುರಾತ್ರಿ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಇರಲಿ ಎಂದು ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟದ್ದೂ ಅದೇ ದಿನ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ಮಾತು ಬೇರೆ ದಾರಿ ಹಿಡಿಯಿತು. ಲಗ್ನದ ಸುದ್ದಿ ಅವಳು ಎತ್ತಲೇ ಇಲ್ಲ. ಹೈದರಾಬಾದಿನ ಒಂದು ಸ್ಟುಡಿಯೋದಿಂದ ಬಂದ ಕೆಲಸದ ಪತ್ರವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು: ರೋಟೋ ಮತ್ತು ಪೇಂಟ್ ಟ್ರೇನಿ (ಸಿನಿಮಾ ದೃಶ್ಯದ ಅಂಚು ಕತ್ತರಿಸಿ ತಿದ್ದುವ ಕೆಲಸ), ಪಾಳಿ ಬದಲಾಗುತ್ತದೆ, 40,000 ರೂಪಾಯಿ ಠೇವಣಿ, ಎರಡು ವರ್ಷದ ಬಾಂಡ್, ಮೂಲ ಅಂಕಪಟ್ಟಿ ಒಪ್ಪಿಸಬೇಕು. ಆಮೇಲೆ ಹೇಳಿದಳು: "ನಾಕು ವರ್ಷ ಏನ್ ಕಲ್ತಿ ಅಂತ ಯಾರಾರ ಕೇಳಿದ್ರ ನನ್ನ ಬಲ್ಲಿ ತೋರ್ಸಲಾಕ ಏನೂ ಇಲ್ರಿ ಮೇಡಂ."

ಲಗ್ನ, ನೌಕರಿ, ಈ ನಾಚಿಕೆ ಮೂರೂ ಒಂದಕ್ಕೊಂದು ಗಂಟು ಬಿದ್ದಿದ್ದವು. ಇಂಥ ಕಡೆ ಸಾಮಾನ್ಯವಾಗಿ ಮನೆಯವರ ಮನವೊಲಿಸುವುದರಿಂದ ಶುರು ಮಾಡುತ್ತಾರೆ. ಇಲ್ಲಿ ಹಾಗೆ ಮಾಡಲಿಲ್ಲ. ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಇಲ್ಲದ ಹುಡುಗಿಯ ಪರವಾಗಿ ಅಪ್ಪನ ಮುಂದೆ ವಾದಿಸಿದರೆ ಅದು ಸಲಹೆಗಾರರ ವಾದವಾಗುತ್ತದೆ. ಮನೆಗೆ ಹೋದ ಮೇಲೆ ಅದನ್ನು ಹಿಡಿದು ನಿಲ್ಲುವವರು ಯಾರೂ ಇರುವುದಿಲ್ಲ. ಅದಕ್ಕೇ ಗಂಟಿನ ಮೂರನೆಯ ಎಳೆಯನ್ನು ಮೊದಲು ಹಿಡಿಯಲಾಯಿತು.

ರೀಲಿನಲ್ಲಿ ಏನಿತ್ತು

ಆ್ಯನಿಮೇಷನ್ ಕೆಲಸಕ್ಕೆ ಅಂಕಪಟ್ಟಿಗಿಂತ ಶೋರೀಲ್, ಅಂದರೆ ತಾನು ಮಾಡಿದ ಕೆಲಸದ ತುಣುಕು ಜೋಡಿಸಿದ ಕಿರು ವಿಡಿಯೋ, ಮುಖ್ಯ. ಎರಡನೆಯ ಭೇಟಿಗೆ ಅದನ್ನೇ ತರಲು ಹೇಳಲಾಗಿತ್ತು. ಉದ್ದ 2 ನಿಮಿಷ 40 ಸೆಕೆಂಡು. ಮೊದಲ 18 ಸೆಕೆಂಡು ಹೆಸರು, ಕಾಲೇಜಿನ ಲಾಂಛನ, ಢಂ ಢಂ ಸಂಗೀತ. ಆಮೇಲೆ ಹಿನ್ನೆಲೆ ಚಿತ್ರಗಳು: ಕೋಟೆ, ತೊಗರಿ ಹೊಲ, ಬೇವಿನ ಮರ, ಸಂಜೆ ಬಿಸಿಲು. ಬಣ್ಣ ಬಲು ಚೆನ್ನ. ಕೊನೆಗೆ ಐದು ಜನ ಸೇರಿ ಮಾಡಿದ 40 ಸೆಕೆಂಡಿನ ಕಿರುಚಿತ್ರ.

"ಇದರೊಳಗ ನೀ ಕದಲಿಸಿದ್ದು ಯಾವುದು?" ಎಂದು ಕೇಳಿದರೆ ಸುಮಾರು ಹೊತ್ತು ಸುಮ್ಮನಿದ್ದಳು. "ಒಂದೂ ಇಲ್ರಿ. ಹಿಂದಿನ ಚಿತ್ರ 38 ನಂದೇ. ಕದಲೋದು ಎಲ್ಲಾ ಹುಡುಗರು ಮಾಡಿದ್ದು."

ಹೇಗಾಯಿತು ಎಂದು ಹಂತ ಹಂತವಾಗಿ ಬರೆಸಿದಾಗ ತಿಳಿದದ್ದು ಇಷ್ಟು. ಮೂರು ಹುಡುಗರು, ಇಬ್ಬರು ಹುಡುಗಿಯರ ತಂಡ. ಕೆಲಸ ಹಂಚಿಕೆಗೆ ತಗಲಿದ್ದು ಹತ್ತು ನಿಮಿಷ. "ನಿನ್ನ ಕೈ ನೀಟ್ ಅದ, ಬಣ್ಣ ನೀ ಮಾಡು" ಎಂದರು ಸಹಪಾಠಿಗಳು. ಮೇಷ್ಟ್ರು ತಲೆಯಾಡಿಸಿದರು. ಅದು ಹೊಗಳಿಕೆ, ಹೊಗಳಿಕೆಗೆ ಬೇಡ ಎನ್ನುವುದು ಹೇಗೆ? ಲ್ಯಾಬಿನಲ್ಲಿ 20 ಗಣಕಯಂತ್ರ, ಅದರಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದದ್ದು ಆರಕ್ಕೆ. ಹಗಲೆಲ್ಲ ತರಗತಿ ನಡೆಯುವುದರಿಂದ ಆ ಆರು ಖಾಲಿಯಾಗುವುದು ಸಂಜೆ ಐದರ ಮೇಲೆ. ಹುಡುಗಿಯರ ಹಾಸ್ಟೆಲ್ ಗೇಟು ಏಳಕ್ಕೆ ಬಂದ್. ರಿಗ್ಗು (ಪಾತ್ರವನ್ನು ಕದಲಿಸಲು ಗಣಕದಲ್ಲಿ ಕಟ್ಟುವ ಎಲುಬುಗೂಡು) ಮುರಿದು ಬೀಳುವುದು, ಪಾತ್ರದ ಮೊಣಕಾಲು ತಿರುಚಿಕೊಳ್ಳುವುದು, ಸೀನಿಯರ್‌ಗೆ ಫೋನ್ ಹಚ್ಚಿ ಅದನ್ನು ಸರಿ ಮಾಡುವುದು, ಗಣಕ ಅಂತಿಮ ಚಿತ್ರ ತೆಗೆಯಲೆಂದು ರಾತ್ರಿ ರೆಂಡರ್‌ಗೆ ಹಾಕಿ ಅಲ್ಲೇ ಮಲಗುವುದು: ಕಲಿಕೆಯ ತಿರುಳೆಲ್ಲ ಏಳರ ನಂತರ ನಡೆಯುತ್ತಿತ್ತು. ಬೆಳಿಗ್ಗೆ ಬಂದವಳಿಗೆ ಸಿಗುತ್ತಿದ್ದದ್ದು ಮುಗಿದ ಫೈಲು, ಬಣ್ಣ ತುಂಬಲಿಕ್ಕೆ.

ಯಾರೂ ಆಕೆಗೆ ಬಾಗಿಲು ಹಾಕಿರಲಿಲ್ಲ. ಇದರ ಕಷ್ಟವೇ ಅದು. ಹಾಕಿದ್ದರೆ ತಟ್ಟಬಹುದಿತ್ತು.

ಈ ಹಂಚಿಕೆ ನಮ್ಮ ಕಡೆ ಹುಟ್ಟಿದ್ದಲ್ಲ. 1938ರಲ್ಲಿ ಅಮೆರಿಕದ ಡಿಸ್ನಿ ಸ್ಟುಡಿಯೋ ಕೆಲಸ ಕೇಳಿದ ಒಬ್ಬ ಯುವತಿಗೆ ಬರೆದ ನಿರಾಕರಣೆಯ ಪತ್ರ ಇಂದಿಗೂ ಓಡಾಡುತ್ತಿದೆ: ಸೃಜನಶೀಲ ಕೆಲಸ ತರುಣರದು, ಹೆಂಗಸರಿಗಿರುವುದು ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ತಿದ್ದಿ ಹಿಂಬದಿಗೆ ಬಣ್ಣ ತುಂಬುವ ಕೆಲಸ ಮಾತ್ರ. ಅದಕ್ಕೆ 12 ವರ್ಷ ಮೊದಲೇ, 1926ರಲ್ಲಿ, ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಕತ್ತರಿಯಿಂದ ಕಪ್ಪು ಆಕೃತಿಗಳನ್ನು ಕತ್ತರಿಸಿ, ನಮ್ಮ ತೊಗಲುಗೊಂಬೆಯಂತೆ ಕೀಲು ಕೂಡಿಸಿ, ಒಂದು ಪೂರ್ತಿ ಉದ್ದದ ಆ್ಯನಿಮೇಷನ್ ಚಿತ್ರ ತೆಗೆದಾಗಿತ್ತು. ಅಂದರೆ ಕೈಲಾಗದ ಮಾತೇ ಅಲ್ಲ. ಕೆಲಸ ಹಂಚುವವರ ಅಭ್ಯಾಸ ಅದು. ಅಭ್ಯಾಸ ಇನ್ನೂ ಬಿಟ್ಟಿಲ್ಲ. ಅಮೆರಿಕದಲ್ಲಿ ಆ್ಯನಿಮೇಷನ್ ಕಲಿಯುವವರಲ್ಲಿ ಸುಮಾರು 60% ಹೆಣ್ಣುಮಕ್ಕಳು, ಸೃಜನಶೀಲ ಹುದ್ದೆಗಳಲ್ಲಿ ಸುಮಾರು 20% ಎಂದು ವಿಮೆನ್ ಇನ್ ಆ್ಯನಿಮೇಷನ್ ಸಂಸ್ಥೆ 2015ರ ಸುಮಾರಿಗೆ ಹೇಳುತ್ತಿತ್ತು. ಹಿಂದಿನ 12 ವರ್ಷಗಳಲ್ಲಿ ಹೆಚ್ಚು ಗಳಿಸಿದ ಆ್ಯನಿಮೇಷನ್ ಚಲನಚಿತ್ರಗಳ ನಿರ್ದೇಶಕರಲ್ಲಿ ಹೆಂಗಸರು 3% ಮಾತ್ರ ಎಂದು 2019ರ ಒಂದು ಅಧ್ಯಯನ ಎಣಿಸಿತ್ತು. ತರಗತಿ ತುಂಬ ಹುಡುಗಿಯರಿದ್ದ ಮಾತ್ರಕ್ಕೆ ಸಮಾನತೆ ಬಂತು ಎನ್ನುವವರು ಹಾಜರಿ ಪುಸ್ತಕವಷ್ಟೇ ನೋಡುತ್ತಾರೆ. ನೋಡಬೇಕಾದದ್ದು ಸಂಜೆ ಏಳರ ಮೇಲೆ ಲ್ಯಾಬಿನಲ್ಲಿ ಯಾರು ಕೂತಿದ್ದಾರೆ ಎಂಬುದನ್ನು.

ಒಂದು ಮಾತು ಸ್ಪಷ್ಟವಿರಲಿ. ಹಿನ್ನೆಲೆ ಚಿತ್ರ, ಬಣ್ಣದ ವಿನ್ಯಾಸ ಕೀಳು ಕೆಲಸವಲ್ಲ; ಕಲಾನಿರ್ದೇಶಕರು ಅಲ್ಲಿಂದಲೇ ಬರುತ್ತಾರೆ. ರೋಟೋ ಕೂಡ, ಅಂದರೆ ನಟರ ಅಂಚನ್ನು ಫ್ರೇಮ್ ಫ್ರೇಮಾಗಿ ಕತ್ತರಿಸಿ ಹಿನ್ನೆಲೆಯಿಂದ ಬಿಡಿಸುವುದು, ಸಾವಿರಾರು ಜನರಿಗೆ ಮೊದಲ ಅನ್ನ ಕೊಟ್ಟಿದೆ. ಆದರೆ ಆ ಕೆಲಸವನ್ನು ಈಗ ತಂತ್ರಾಂಶವೇ ಅರ್ಧಕ್ಕರ್ಧ ಮಾಡಲು ಶುರು ಮಾಡಿದೆ. ಭಾಗ್ಯಶ್ರೀಗೆ ಕೇಳಿದ್ದು ಇಷ್ಟೇ: ಬಣ್ಣ ನೀನು ಆರಿಸಿದ್ದೋ, ನಿನಗೆ ಬಂದದ್ದೋ?

"ನನಗ ಕದಲ್ಸೋದೇ ಬೇಕಿತ್ರಿ," ಎಂದಳು.

ರೊಟ್ಟಿಯ ಏಳು ಸೆಕೆಂಡು

ಮೂರನೆಯ ಭೇಟಿಯಲ್ಲಿ ಹಿಂಜರಿಯುತ್ತ ಇನ್ನೊಂದು ಫೈಲು ತೆಗೆದಳು. ರಜೆಯಲ್ಲಿ ಅಣ್ಣನ ಹಳೇ ಲ್ಯಾಪ್‌ಟಾಪಿನಲ್ಲಿ, ಕ್ರಿಟಾ ಎಂಬ ಉಚಿತ ತಂತ್ರಾಂಶದಲ್ಲಿ ಬಿಡಿಸಿದ್ದು. ಏಳು ಸೆಕೆಂಡು. ಅಜ್ಜಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಾಳೆ. ರೀಲಿನಲ್ಲಿ ಯಾಕೆ ಹಾಕಲಿಲ್ಲ ಎಂದರೆ, "ಮನಿ ಕೆಲ್ಸದ ಚಿತ್ರ, ಅದಕ್ಕ ಯಾರ್ ನೋಡ್ತಾರ್ರಿ?"

ಇದನ್ನು ಒಬ್ಬ ಹಿರಿಯ ಆ್ಯನಿಮೇಟರ್‌ಗೆ ವಿಡಿಯೋ ಕರೆಯಲ್ಲಿ ತೋರಿಸಲಾಯಿತು. ಅವರೂ ಹೆಣ್ಣುಮಗಳೇ, ಅದು ಆಕಸ್ಮಿಕವಲ್ಲ, ಹುಡುಕಿ ಹಿಡಿದದ್ದು. ಅವರು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಒಂದೊಂದೇ ಫ್ರೇಮ್ ಸರಿಸುತ್ತ ಎಣಿಸಿದರು. ಸೆಕೆಂಡಿಗೆ 24 ಫ್ರೇಮ್. ಭಾಗ್ಯಶ್ರೀಯ ಅಜ್ಜಿಯ ಕೈ ಏರಲು 5 ಫ್ರೇಮ್, ಇಳಿಯಲು 5 ಫ್ರೇಮ್, ನಡುವಿನ ಅಂತರವೆಲ್ಲ ಸಮ. "ಇದು ಬಡಿಯುತ್ತಿಲ್ಲ, ಸವರುತ್ತಿದೆ," ಎಂದರು. ಬಡಿತ ಅನ್ನಿಸಬೇಕಾದರೆ ಕೈ ಏರುವಾಗ ನಿಧಾನ, ಮೇಲೆ ಒಂದು ಕ್ಷಣ ತೂಗಾಟ, ಇಳಿಯುವಾಗ ಎರಡೇ ಫ್ರೇಮ್. ಏರುವ ಕಡೆ ಒಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ನಡೆಯುತ್ತದೆ; ಬೀಳುವ ಕಡೆ ಪ್ರತಿ ಫ್ರೇಮಿಗೂ ಬೇರೆ ಚಿತ್ರ ಬೇಕು. ಇನ್ನೂ ಎರಡು ತಪ್ಪು: ಭುಜ ಕದಲುತ್ತಿರಲಿಲ್ಲ, ಮೊಣಕೈಯಿಂದ ಕೆಳಗಷ್ಟೇ ಕದಲುತ್ತಿತ್ತು, ಮತ್ತು ಬಡಿತಕ್ಕೊಮ್ಮೆ ರೊಟ್ಟಿ ತುಸು ತಿರುಗಬೇಕು, ಇಲ್ಲಿ ತಿರುಗುತ್ತಿರಲಿಲ್ಲ. ಭಾಗ್ಯಶ್ರೀ ತಟ್ಟನೆ ಅಂದಳು: "ಹೌದ್ರಿ, ತಿರಗಲಿಲ್ಲಂದ್ರ ಒಂದ ಕಡಿ ದಪ್ಪಾಗ್ತದ." ಬಂದ ದಿನದಿಂದ ಅಷ್ಟು ಗಟ್ಟಿ ದನಿಯಲ್ಲಿ ಆಡಿದ ಮೊದಲ ಮಾತು ಅದು.

ಅಜ್ಜಿಯ ವಿಡಿಯೋ ಫೋನಿನಲ್ಲಿ ತೆಗೆದುಕೊಂಡು, ನೋಡಿ ತಿದ್ದು ಎಂದಾಗ ಹೊಸ ಎಡವಟ್ಟಾಯಿತು. ತಿದ್ದಿದ ಮೇಲೆ ಅಜ್ಜಿ ನೀರಿನೊಳಗೆ ಕೂತು ರೊಟ್ಟಿ ಬಡಿದಂತೆ ಕಾಣತೊಡಗಿತು. ಕಾರಣ ಸರಳ: ಫೋನು ಸೆಕೆಂಡಿಗೆ 30 ಫ್ರೇಮ್ ಹಿಡಿಯುತ್ತದೆ. ಅದನ್ನು ಹಾಗೇ 24 ಫ್ರೇಮಿನ ಫೈಲಿಗೆ ತಂದು ಫ್ರೇಮಿಗೆ ಫ್ರೇಮ್ ನೋಡಿ ಬಿಡಿಸಿದರೆ 4 ಸೆಕೆಂಡಿನ ಚಲನೆ 5 ಸೆಕೆಂಡಾಗುತ್ತದೆ. ಮೊದಲು ವಿಡಿಯೋವನ್ನು 24ಕ್ಕೆ ಪರಿವರ್ತಿಸಿಕೊಳ್ಳಬೇಕು, ಆಮೇಲೆ ತರಬೇಕು. ಈ ಒಂದು ಸಂಗತಿ ಲ್ಯಾಬಿನಲ್ಲಿ ರಾತ್ರಿ ಒಂಬತ್ತಕ್ಕೆ ಪಕ್ಕದವನು ಹೇಳಿಕೊಡುವಂಥದ್ದು. ಪಠ್ಯದಲ್ಲಿ ಇರುವುದಿಲ್ಲ.

ಕೊಟ್ಟ ಸಲಹೆ: ಹನ್ನೆರಡು ವಾರ

ಹೊಸ ಕೋರ್ಸಿಗೆ ಸೇರಿ ಮತ್ತೆ ಹಣ ಕಟ್ಟುವ ಯೋಚನೆಯನ್ನು ಮೊದಲೇ ಬಿಡಿಸಲಾಯಿತು. ಇರುವ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ್‍ಯಾಮ್. ಕ್ರಿಟಾಕ್ಕೆ ಸಾಕು, ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶದಲ್ಲಿ ಸಣ್ಣ ದೃಶ್ಯಕ್ಕೂ ಸಾಕು. ಎರಡೂ ಉಚಿತ. ಹಳೇ ಗ್ರಾಫಿಕ್ಸ್ ಇದ್ದರೆ ಬ್ಲೆಂಡರಿನ ಹೊಸ ಆವೃತ್ತಿ ತೆರೆಯುವುದೇ ಇಲ್ಲ. ಹಿಂದಿನ ಆವೃತ್ತಿ ಇಳಿಸಿಕೊಂಡರಾಯಿತು. ಕೊಳ್ಳಬೇಕಾದದ್ದು ಒಂದೇ, ಪರದೆಯಿಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್, ಮೂರ್ನಾಲ್ಕು ಸಾವಿರ ರೂಪಾಯಿ.

ಹೊತ್ತು ಬೆಳಿಗ್ಗೆ 5.30ರಿಂದ 8.30. ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಲ್ಯಾಪ್‌ಟಾಪು ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಕರೆಂಟಿನ ಭರವಸೆಯೂ ಇಲ್ಲ. ಆದರೆ ಬೆಳಗಿನ ಹೊತ್ತು ಅಡುಗೆಮನೆಯದೂ ಹೌದು. ಇಲ್ಲೇ ಹೆಚ್ಚಿನ ಹುಡುಗಿಯರ ಯೋಜನೆ ಮುರಿಯುವುದು. ಲ್ಯಾಬಿನಲ್ಲಿ ಕೂತ ಮಗ ಕೆಲಸದಲ್ಲಿದ್ದಾನೆ; ಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಮಗಳು ಖಾಲಿ ಕೂತಿದ್ದಾಳೆ. ಹೀಗಾಗಿ ತಾಯಿಯನ್ನು ಒಳಗೆ ಕರೆದು ಅವರ ಬಾಯಿಂದಲೇ ಒಪ್ಪಿಗೆ ಪಡೆಯಲಾಯಿತು: 12 ವಾರ ಆ ಮೂರು ತಾಸು ಕರೆಯುವುದಿಲ್ಲ, ನೀರು ಬಂದರೂ ಸರಿ. ನೀರು ತುಂಬುವುದು ಅಣ್ಣನ ಪಾಲಿಗೆ. ಅಣ್ಣ ಎರಡು ದಿನ ಗೊಣಗಿದ ಎಂದು ಆಮೇಲೆ ತಿಳಿಯಿತು.

ಮೊದಲ ಎರಡು ವಾರ ಪುಟಿಯುವ ಚೆಂಡು. ರಬ್ಬರಿನದೊಂದು, ಕಬ್ಬಿಣದ್ದೊಂದು, ಗಾತ್ರ ಒಂದೇ, ತೂಕ ಬೇರೆ ಅನ್ನಿಸಬೇಕು. ನೋಡಿದವರಿಗೆ ಇದು ಮಕ್ಕಳಾಟ, ತಿಳಿದವರು ಮೊದಲು ನೋಡುವುದೇ ಇದನ್ನು. ಮುಂದಿನ ಮೂರು ವಾರ ನಡಿಗೆ. ಸಾದಾ ನಡಿಗೆಗೆ ಒಂದು ಹೆಜ್ಜೆ 12 ಫ್ರೇಮ್: 1ರಲ್ಲಿ ಹಿಮ್ಮಡಿ ನೆಲ ಮುಟ್ಟುತ್ತದೆ, 4ರಲ್ಲಿ ಮೈ ತಗ್ಗುತ್ತದೆ, 7ರಲ್ಲಿ ಒಂದು ಕಾಲು ಇನ್ನೊಂದನ್ನು ದಾಟುತ್ತದೆ, 10ರಲ್ಲಿ ಮೈ ಎತ್ತರಕ್ಕೇರುತ್ತದೆ, 13ರಲ್ಲಿ ಇನ್ನೊಂದು ಹಿಮ್ಮಡಿ. ಸಾಮಾನ್ಯ ತಪ್ಪು ಎಂದರೆ ನೆಲಕ್ಕೂರಿದ ಪಾದ ಜಾರುವುದು. ಪಾತ್ರ ಪರದೆಯ ಮೇಲೆ ಒಂದೇ ಜಾಗದಲ್ಲಿ ನಡೆಯುವಂತೆ ಬಿಡಿಸುವಾಗ, ಪಾದ ನೆಲದ ಮೇಲಿರುವಷ್ಟೂ ಫ್ರೇಮ್ ಅದು ಹಿಂದೆ ಸರಿಯುವ ಅಂತರ ಸಮವಾಗಿರಬೇಕು. ಆಮೇಲೆ ಅದೇ ನಡಿಗೆ, ಸೊಂಟದ ಮೇಲೆ ತುಂಬಿದ ಕೊಡ ಇಟ್ಟು. ಸೊಂಟ ಒಂದು ಕಡೆ ಹೊರಳಬೇಕು, ಎದುರಿನ ತೋಳು ದೂರ ಚಾಚಬೇಕು, ಹೆಜ್ಜೆ ಗಿಡ್ಡಾಗಬೇಕು. ಆರರಿಂದ ಎಂಟನೆಯ ವಾರ ರೊಟ್ಟಿಯ ದೃಶ್ಯ ಮೊದಲಿನಿಂದ. ಮುಂದಿನ ಎರಡು ವಾರ ಮಾತಿಲ್ಲದ ಇಬ್ಬರ ನಟನೆ, ಎಂಟು ಸೆಕೆಂಡು. ಉಳಿದದ್ದು ಜೋಡಣೆ ಮತ್ತು ಕಳಿಸುವುದು.

ವಾರಕ್ಕೊಂದು ದಿನ ಹಿರಿಯರಿಗೆ ತೋರಿಸಬೇಕು, ಮುಗಿದಿರಲಿ ಬಿಡಲಿ. ಹುಡುಗಿಯರಲ್ಲಿ ಒಂದು ಚಾಳಿ ಪದೇ ಪದೇ ಕಾಣುತ್ತದೆ: ಚೊಕ್ಕವಾಗುವ ತನಕ ತೋರಿಸುವುದಿಲ್ಲ. ಒರಟು ಗೆರೆಯಲ್ಲಿದ್ದಾಗ ತಿದ್ದಿದರೆ ಹತ್ತು ನಿಮಿಷದ ಕೆಲಸ; ಬಣ್ಣ ತುಂಬಿದ ಮೇಲೆ ತಿದ್ದಿದರೆ ಎರಡು ದಿನ. "ನೀಟ್ ಕೈ" ಎಂಬ ಹೊಗಳಿಕೆ ಮಾಡಿಟ್ಟ ಹಾನಿಯಲ್ಲಿ ಇದೂ ಒಂದು.

ರೀಲಿಗೆ ಹೇಳಿದ್ದು: 45ರಿಂದ 60 ಸೆಕೆಂಡು, ಹೆಚ್ಚಿಲ್ಲ. ಎಲ್ಲಕ್ಕಿಂತ ಗಟ್ಟಿ ದೃಶ್ಯ ಮೊದಲು, ಏಕೆಂದರೆ ನೋಡುವವರು 15 ಸೆಕೆಂಡಿಗೆ ಮನಸ್ಸು ಮಾಡಿಬಿಡುತ್ತಾರೆ. ಹೆಸರು, ಇಮೇಲ್, ಯಾವ ಕೆಲಸಕ್ಕೆ ಅರ್ಜಿ ಎಂಬುದು ಎರಡು ಸೆಕೆಂಡಿನ ಒಂದು ಹಲಗೆ. ತಂಡದ ಚಿತ್ರದಿಂದ ಆರೇ ಸೆಕೆಂಡು, ಕೆಳಗೆ "ಹಿನ್ನೆಲೆ ಚಿತ್ರ ನನ್ನದು" ಎಂಬ ಸಾಲು. ಬೇರೆಯವರ ಚಲನೆಯನ್ನು ತನ್ನದೆಂದು ತೋರಿಸಿದರೆ ಪರೀಕ್ಷೆಯ ದಿನ ಬಯಲಾಗುತ್ತದೆ. ಫೋಟೋ, ಮನೆ ವಿಳಾಸ, ಮದುವೆಯಾಗಿದೆಯೇ ಎಂಬುದು ಬೇಡವೇ ಬೇಡ. ಕಳಿಸುವ ಮೊದಲು ಲಿಂಕನ್ನು ಅಣ್ಣನ ಫೋನಿನಲ್ಲಿ ತೆರೆದು ನೋಡಬೇಕು. "ಅನುಮತಿ ಕೇಳಿ" ಎಂದು ಬಂದರೆ ಸ್ಟುಡಿಯೋದವರು ಕೇಳುತ್ತ ಕೂರುವುದಿಲ್ಲ, ಮುಂದಿನವರ ಲಿಂಕ್ ಒತ್ತುತ್ತಾರೆ.

ಮುನೀಮರ ಲೆಕ್ಕ

ತಂದೆ ಬಂದದ್ದು ನಾಲ್ಕನೆಯ ಭೇಟಿಗೆ, ಮಿಲ್ಲಿನ ರಜೆಯ ದಿನ. ಕೂತವರೇ ಶುರು ಮಾಡಿದರು: "ಹೈದ್ರಾಬಾದ್ ಏನ್ ದೂರಿಲ್ರಿ ಮೇಡಂ. ರಾತ್ರಿ ಪಾಳಿ ಅಂತಾರ. ನಾಳಿ ಏನರ ಆದ್ರ ಮಂದಿ ಆಕಿಗಿ ಕೇಳಲ್ಲ, ನನಗ ಕೇಳ್ತಾರ." ಸ್ವಲ್ಪ ತಡೆದು, "ಚಿತ್ರ ತೆಗದು ಹೊಟ್ಟಿ ತುಂಬ್ತದೇನ್ರಿ?"

ಎರಡನೆಯ ಪ್ರಶ್ನೆಗೆ ಕಲಬುರಗಿಯಲ್ಲಿ ಉತ್ತರ ಸುಲಭ. ಈ ಊರಿನವರೇ ಆದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬಿಡಿಸಿಯೇ ದೇಶಕ್ಕೆಲ್ಲ ಗೊತ್ತಾದದ್ದು. ಅವರ ಹೆಸರಿನ ರಂಗಮಂದಿರದ ಮುಂದೆ ದಿನಾ ಓಡಾಡುತ್ತೇವೆ. ಅವರ ಜೊತೆ ಮುಂಬೈಗೆ ಯಾರು ಹೋಗಿದ್ದರು ಎಂದು ಯಾರೂ ಕೇಳಿದ ಹಾಗಿಲ್ಲ, ಅದು ಬೇರೆ ಮಾತು.

ಮೊದಲ ಪ್ರಶ್ನೆ ಹಗುರಾದದ್ದಲ್ಲ. ಅಪ್ಪನ ಭಯವನ್ನು ಹಳೇ ಕಾಲದ್ದೆಂದು ತಳ್ಳಿಹಾಕಿದರೆ ಸಲಹೆ ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ಹಾಳೆಯೊಂದನ್ನು ಎರಡು ಪಾಲು ಮಾಡಿ, ಎಡಕ್ಕೆ ಅವರ ಒಂದೊಂದು ಭಯ, ಬಲಕ್ಕೆ ಅದಕ್ಕೆ ಸ್ಟುಡಿಯೋವನ್ನು ಕೇಳಬೇಕಾದ ಪ್ರಶ್ನೆ ಬರೆಯಲಾಯಿತು. ರಾತ್ರಿ ಪಾಳಿ ಒಪ್ಪದಿದ್ದರೆ ನಡೆಯುತ್ತದೆಯೇ? ಒಪ್ಪಿದರೆ ಮನೆ ಬಾಗಿಲ ತನಕ ಗಾಡಿ ಇದೆಯೇ? ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಮಿತಿಯ ಅಧ್ಯಕ್ಷೆ ಯಾರು? ಠೇವಣಿ ಯಾತಕ್ಕೆ, ಯಾವಾಗ ವಾಪಸು, ರಸೀದಿ ಯಾವ ಹೆಸರಲ್ಲಿ? ಮೂಲ ಅಂಕಪಟ್ಟಿ ಯಾಕೆ? ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಘಟನೆಯಾದ ಮೂರು ತಿಂಗಳೊಳಗೆ ಎಂಬುದನ್ನೂ ಮಗಳಿಗೆ ತಿಳಿಸಲಾಯಿತು.

ಫೋನು ಹಚ್ಚಿದ್ದು ಮಗಳು, ಸ್ಪೀಕರ್ ಹಾಕಿ. ಅಪ್ಪ ಪಕ್ಕದಲ್ಲಿ. ಪಾಳಿ ಮತ್ತು ಗಾಡಿಯ ಬಗ್ಗೆ ಸರಿಯಾದ ಉತ್ತರವೇ ಬಂತು. ಠೇವಣಿಯ ಮಾತು ಬಂದಾಗ ಆ ಕಡೆಯವರು ಅದನ್ನು ತರಬೇತಿ ಶುಲ್ಕ ಎಂದರು, ಮತ್ತೆ ಭದ್ರತೆ ಎಂದರು, ರಸೀದಿ ಆಮೇಲೆ ನೋಡೋಣ ಎಂದರು. ಮುನೀಮರ ಮುಖ ಬದಲಾಯಿತು. ಫೋನಿಟ್ಟ ಮೇಲೆ ಅವರೇ ಅಂದರು: "ನೌಕರಿಗಿ ಅವ್ರು ರೊಕ್ಕ ಕೊಡಬೇಕೋ, ನಾವು ಕೊಡಬೇಕೋ? ಮೂವತ್ತು ವರ್ಷ ಖಾತಿ ಬರದೀನಿ, ಇಷ್ಟ ತಿಳಿಯಲ್ಲೇನ್ರಿ ನನಗ? ಬ್ಯಾಡ, ಇದು ಬ್ಯಾಡ."

ಪತ್ರ ತಿರಸ್ಕೃತವಾದದ್ದು ಹೀಗೆ. ಮಗಳು ಹೆಣ್ಣೆಂಬ ಕಾರಣಕ್ಕಲ್ಲ, ಲೆಕ್ಕ ಸರಿಯಿಲ್ಲವೆಂಬ ಕಾರಣಕ್ಕೆ. ಈ ಎರಡರ ವ್ಯತ್ಯಾಸವನ್ನು ಭಾಗ್ಯಶ್ರೀ ಆ ಕ್ಷಣಕ್ಕೇ ಹಿಡಿದಳು. ಅಪ್ಪನ ಎದುರಿಗೆ ಹನ್ನೆರಡು ವಾರದ ಹಾಳೆ ಚಾಚಿ, "ಇದರ ಲೆಕ್ಕ ನೋಡು ಅಪ್ಪಾ," ಎಂದಳು. ಲಗ್ನಕ್ಕೆ ಒಲ್ಲೆ ಎನ್ನದೆ ತಾರೀಖು ಕೇಳು ಎಂದು ಮೊದಲೇ ಹೇಳಿಕೊಟ್ಟಿದ್ದೆವು. ಒಲ್ಲೆ ಎಂದರೆ ಅದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ತಾರೀಖು ಎಂದರೆ ವ್ಯವಹಾರ. "ಬರೋ ಶರಣಬಸಪ್ಪನ ಜಾತ್ರಿ ತನಕ ಏನೂ ಮಾತಿಲ್ಲ," ಎಂದು ಅಪ್ಪ ಒಪ್ಪಿದರು. ಹತ್ತು ತಿಂಗಳು ಸಿಕ್ಕಿತು. ಅದನ್ನು ಹಾಳೆಯ ಕೆಳಗೆ ಬರೆಸಿ ಮೂವರ ಸಹಿ ಹಾಕಿಸಿದ್ದು ಸಲಹೆಗಾರರ ಹುಕಿ ಅನ್ನಿಸಬಹುದು. ಮುನೀಮರ ಮನೆಯಲ್ಲಿ ಬರಹಕ್ಕೆ ಬೆಲೆ ಜಾಸ್ತಿ.

ಮುಂದೇನಾಯಿತು

ಹನ್ನೆರಡು ವಾರದ್ದು ಹದಿನಾಲ್ಕಾಯಿತು. ನಡುವೆ ಅಜ್ಜಿಗೆ ಹುಷಾರಿರಲಿಲ್ಲ. 53 ಸೆಕೆಂಡಿನ ರೀಲು, ಮೊದಲ ದೃಶ್ಯ ರೊಟ್ಟಿ. ಹನ್ನೊಂದು ಕಡೆ ಕಳಿಸಿದಳು. ಆರು ಕಡೆಯಿಂದ ಸುದ್ದಿಯೇ ಇಲ್ಲ, ಮೂರು ಕಡೆ ಇಲ್ಲ ಎಂದರು, ಎರಡು ಕಡೆ ಪರೀಕ್ಷೆ ಕೊಟ್ಟರು. ಒಂದು ಪರೀಕ್ಷೆ 20 ಸೆಕೆಂಡಿನ ಪೂರ್ತಿ ಬಣ್ಣದ ದೃಶ್ಯ, ಐದು ದಿನದಲ್ಲಿ, ಪುಕ್ಕಟೆ. ಅದು ಪರೀಕ್ಷೆಯಲ್ಲ, ಬಿಟ್ಟಿ ದುಡಿಮೆ. ಬೇಡ ಎಂದು ಸಲಹೆ ಕೊಡಲಾಯಿತು. ಇನ್ನೊಂದು 5 ಸೆಕೆಂಡಿನದು: ಭಾರವಾದ ಚೀಲ ಎತ್ತುವ ಮನುಷ್ಯ. ಇಂಥದ್ದು ನ್ಯಾಯವಾದ ಪರೀಕ್ಷೆ. ಮಿಲ್ಲಿಗೆ ಹೋಗಿ ತೊಗರಿ ಚೀಲ ಹೊರುವ ಹಮಾಲರನ್ನು ಒಂದು ತಾಸು ನೋಡಿ ಬಂದು ಬಿಡಿಸಿದಳು. ಈ ಸಲ 24ಕ್ಕೆ ಪರಿವರ್ತಿಸಿಕೊಂಡೇ. ಬೆಂಗಳೂರಿನಲ್ಲಿ ಆರು ತಿಂಗಳ ಟ್ರೇನಿ ಆ್ಯನಿಮೇಟರ್ ಕೆಲಸ, ಸ್ಟೈಪೆಂಡ್ ಉಂಟು, ಠೇವಣಿ ಇಲ್ಲ.

ಅಪ್ಪ ಜೊತೆಗೆ ಹೋಗಿ ಜಾಗ ನೋಡಿ ಬಂದರು. ಬೆಂಗಳೂರು ಹೈದರಾಬಾದಿಗಿಂತ ದೂರವಾದರೂ ರಾಜ್ಯದೊಳಗಿನ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದಾಗಿ ಮಗಳಿಗೆ ಟಿಕೆಟ್ ದುಡ್ಡಿಲ್ಲ, ಹೈದರಾಬಾದಿಗಾದರೆ ಕೊಡಬೇಕಿತ್ತು ಎಂಬುದನ್ನೂ ಅವರು ಲೆಕ್ಕ ಹಾಕಿದ್ದರು. ತನಗೆ ಮಾತ್ರ ಟಿಕೆಟ್ ತಗೊಂಡೆ ಎಂದು ನಕ್ಕರು.

ಕೊನೆಯ ಭೇಟಿಯಲ್ಲಿ ಜಿಎಡಿ-7 ಅಂಕ 6. ನಿದ್ದೆ ಪರವಾಗಿಲ್ಲ. ಟ್ರೇನಿ ಅವಧಿ ಮುಗಿದಾಗ ಜೊತೆಗೆ ಸೇರಿದ ಹುಡುಗರಿಗೆ ಎಷ್ಟು ಸಂಬಳ ನಿಗದಿಯಾಯಿತು ಎಂದು ಕೇಳಿ ತಿಳಿದುಕೋ ಎಂದು ಹೇಳಿದೆ. ಒಂದೇ ಕೆಲಸಕ್ಕೆ ಗಂಡು ಹೆಣ್ಣಿಗೆ ಒಂದೇ ವೇತನ ಎಂಬುದು 1976ರಿಂದ ಈ ದೇಶದ ಕಾಯ್ದೆಯಲ್ಲಿದೆ, ಆದರೆ ಕೇಳದವರಿಗೆ ಅದು ತಾನಾಗಿ ತಲುಪುವುದಿಲ್ಲ. ಜಾತ್ರೆಯ ನಂತರ ಲಗ್ನದ ಮಾತು ಮತ್ತೆ ಬರುತ್ತದೆ. ಆಗ ಒಂದು ಭೇಟಿ ಎಂದು ಈಗಲೇ ದಿನ ಗೊತ್ತು ಮಾಡಿದೆ.

ಕಾಲೇಜಿಗೆ ಬರೆದ ಕಾಗದ

ಒಬ್ಬಳ ರೀಲು ತಿದ್ದಿದರೆ ಮುಂದಿನ ಬ್ಯಾಚಿನವಳು ಅದೇ ಬಾಗಿಲಿಗೆ ಬರುತ್ತಾಳೆ. ಭಾಗ್ಯಶ್ರೀಯ ಒಪ್ಪಿಗೆ ಪಡೆದು, ಹೆಸರಿಲ್ಲದೆ, ವಿಭಾಗಕ್ಕೆ ನಾಲ್ಕು ಬೇಡಿಕೆ ಬರೆಯಲಾಯಿತು. ತಂಡದ ಯೋಜನೆಯಲ್ಲಿ ಪಾತ್ರ ಸರದಿಯ ಮೇಲೆ ಬದಲಾಗಬೇಕು, ಮತ್ತು ಪ್ರತಿಯೊಬ್ಬರೂ ಕನಿಷ್ಠ 10 ಸೆಕೆಂಡು ತಾವೇ ಕದಲಿಸಿ ತೋರಿಸದೆ ಅಂಕವಿಲ್ಲ. ಲ್ಯಾಬು ಬೆಳಿಗ್ಗೆ ಏಳಕ್ಕೆ ತೆರೆಯಬೇಕು, ಜೊತೆಗೆ ಒಳ್ಳೆಯ ಆರು ಯಂತ್ರಗಳಿಗೆ ಹೆಸರು ಬರೆಸಿ ಸರದಿ ಹಿಡಿಯುವ ಪುಸ್ತಕ ಬೇಕು. ಪಾಠ ಉಚಿತ ತಂತ್ರಾಂಶದಲ್ಲೂ ನಡೆಯಬೇಕು, ಆಗ ಹಾಸ್ಟೆಲ್ ಕೋಣೆಯೂ ಲ್ಯಾಬಾಗುತ್ತದೆ. ಪ್ರೊಡಕ್ಷನ್ ವಾರಗಳಲ್ಲಿ ಹಾಸ್ಟೆಲ್ ಗೇಟು ಒಂಬತ್ತರ ತನಕ, ಕಾಲೇಜಿನಿಂದ ಹಾಸ್ಟೆಲಿಗೆ ಒಂದು ಗಾಡಿ.

ಮೊದಲ ಎರಡು ಒಪ್ಪಿದರು. ಮೂರನೆಯದು ಪಠ್ಯಕ್ರಮದ ಮಾತು ಎಂದು ಮೇಲಿನವರಿಗೆ ಹೋಗಿದೆ. ಗೇಟು ಏಳಕ್ಕೇ ಬಂದ್.

ಹೊಸ ಬ್ಯಾಚಿನ ಕೆಲಸದ ಪಟ್ಟಿಯನ್ನು ಮೇಷ್ಟ್ರು ಫೋನಿಗೆ ಕಳಿಸಿದ್ದರು. ರಿಗ್ಗಿಂಗ್ ಎದುರಿಗೆ ಇಬ್ಬರು ಹುಡುಗಿಯರ ಹೆಸರು, ಬಣ್ಣದ ಎದುರಿಗೆ ಒಬ್ಬ ಹುಡುಗನದು. ಅದರ ಮರುದಿನ ಆ ಹುಡುಗನ ತಂದೆ ವಿಭಾಗಕ್ಕೆ ಫೋನ್ ಮಾಡಿದ್ದರಂತೆ: "ನಮ್ಮ ಹುಡಗ ಏನ್ ತಪ್ಪು ಮಾಡ್ಯಾನ್ರಿ ಸರ, ಅವನಿಗಿ ಬಣ್ಣಕ್ಕ್ಯಾಕ ಹಾಕೀರಿ?"